ಇಲ್ಲದ ಬ್ರೇಕಿನ ಮೇಲಿದ್ದ ಕಾಲು

"ಕೂಗಿದ್ರೆ ನನಗೆ ಕೇಳಿಸದೇ ಇರ್ತಿತ್ತಾ?" ಅಂದ ಫೋಟೊ ಸ್ಟುಡಿಯೋದವನು.

ಆ ಒಂದು ಮಾತಿನ ಮೇಲಿನ ಸಿಟ್ಟು ಇವತ್ತಿಗೂ ಆರಿಲ್ಲ. ಆರುವುದೂ ಬೇಡ. ಡ್ರೈವಿಂಗ್ ಸ್ಕೂಲಿಗೂ ಅವನ ಸ್ಟುಡಿಯೋಗೂ ನಡುವೆ ಇರುವುದು ಗೋಡೆಯಲ್ಲ, ಬಣ್ಣ ಬಳಿದ ಪ್ಲೈವುಡ್. ಆ ಕಡೆಯವರು ಸೀನಿದರೆ ಈ ಕಡೆಯವರು ಮೂಗು ಒರೆಸಿಕೊಳ್ಳಬೇಕು, ಅಷ್ಟು ತೆಳು. ಹಾಗಾಗಿ ಅವನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ಹೇಳಿದ ಧಾಟಿ ನೋಡಬೇಕಿತ್ತು. ಕುರ್ಚಿಗೆ ಒರಗಿಕೊಂಡು, ಕಾಲ ಮೇಲೆ ಕಾಲು ಹಾಕಿಕೊಂಡು, ತೀರ್ಪು ಕೊಟ್ಟವನ ಹಾಗೆ ಹೇಳಿದ. ಇಡೀ ಬೀದಿ ಅದನ್ನೇ ಕಚ್ಚಿಕೊಂಡಿತು. ಕ್ಷೌರದಂಗಡಿಯಲ್ಲಿ ಅದೇ, ಔಷಧಿ ಅಂಗಡಿಯಲ್ಲಿ ಅದೇ. "ಹೌದಲ್ವಾ, ಕೂಗಬಹುದಿತ್ತಲ್ಲ?" ಒಬ್ಬ ಹೆಂಗಸಿನ ಮೇಲೆ ಅನ್ಯಾಯ ಆಯಿತೋ ಇಲ್ಲವೋ ಅನ್ನುವುದನ್ನು ಪಕ್ಕದಂಗಡಿಯವನ ಕಿವಿ ತೀರ್ಮಾನ ಮಾಡಬೇಕಂತೆ! ಅವತ್ತು ಅವನು ಕಿವಿಯಲ್ಲಿ ಹತ್ತಿ ಇಟ್ಟುಕೊಂಡಿದ್ದರೆ ಏನು ಮಾಡುತ್ತಿದ್ದರೋ.

ಯಾರ ಬಗ್ಗೆ ಈ ಮಾತು ಅಂದರೆ, ಬ್ರೇಕಕ್ಕನ ಬಗ್ಗೆ. ಅವಳ ನಿಜವಾದ ಹೆಸರನ್ನು ಬೀದಿ ಮರೆತೇಬಿಟ್ಟಿದೆ. ನಲವತ್ತರ ಹತ್ತಿರದ ಹೆಂಗಸು, ಮದುವೆ ಆಗಿಲ್ಲ. ಅಮ್ಮ ಮತ್ತು ತಮ್ಮನ ಜೊತೆ ಟೈರ್ ಅಂಗಡಿಯ ಮೇಲಿನ ಮನೆಯಲ್ಲಿ ಇರುತ್ತಾಳೆ. ಆ ಅಂಗಡಿ ತಮ್ಮನದು. ಅವಳದು ಹೆಂಗಸರಿಗೆ ಕಾರು ಕಲಿಸುವ ಕೆಲಸ. ನೋಡಲು ಸಣಕಲು, ಬಾಯಿ ಮಾತ್ರ ಹಾರನ್ನು. "ಅಮ್ಮಾ, ಅದು ಸ್ಟಿಯರಿಂಗು, ಒಗೆದ ಬಟ್ಟೆ ಅಲ್ಲ, ಯಾಕೆ ಹಾಗೆ ಹಿಂಡ್ತೀರಿ?" ಅಂತ ಅವಳು ಅಂದರೆ, ಹೆದರಿ ಬೆವರುತ್ತಿದ್ದವರೂ ನಕ್ಕುಬಿಡಬೇಕು.

ಕಾರು ಕಲಿಸುವ ಗಾಡಿ ನೋಡದೇ ಇದ್ದವರಿಗೆ ಒಂದು ವಿಷಯ ಹೇಳಲೇಬೇಕು. ಅದರಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇರುತ್ತದೆ. ಕಲಿಯುವವರು ಕೈಕಾಲು ಬಿಟ್ಟು ಕಣ್ಣು ಮುಚ್ಚಿದಾಗ ಗಾಡಿ ನಿಲ್ಲಿಸುವುದು ಆ ಎರಡನೇ ಬ್ರೇಕು. ಕಲಿಸುವವರ ಬಲಗಾಲು ಇಡೀ ದಿನ ಅದರ ಮೇಲೆಯೇ ಕಾವಲು. ಬೇರೆಯವರ ಭಯವನ್ನು ತನ್ನ ಕಾಲಿನಿಂದ ನಿಲ್ಲಿಸುವುದೇ ಅವಳ ಸಂಪಾದನೆ. ಈ ಕಾರಣಕ್ಕೇ ಅವಳಿಗೆ ತನ್ನ ಮೇಲೆ ಅಷ್ಟೊಂದು ಸಿಟ್ಟು ಬಂದದ್ದು. ಊರಿನವರ ಗಾಡಿಯನ್ನೆಲ್ಲ ನಿಲ್ಲಿಸುವವಳು ಅವತ್ತೊಂದು ದಿನ ಒಬ್ಬ ಗಂಡಸನ್ನು ನಿಲ್ಲಿಸಲು ಆಗಲಿಲ್ಲವಲ್ಲ ಅಂತ.

ಆ ಗಂಡಸು ಬೇರೆ ಯಾರೂ ಅಲ್ಲ, ಸ್ವಂತ ಅಕ್ಕನ ಗಂಡ. ಭಾವ. ಡ್ರೈವಿಂಗ್ ಸ್ಕೂಲಿನ ಮಾಲೀಕ.

ಅಪ್ಪ ತೀರಿಹೋದಾಗ ತಮ್ಮ ಇನ್ನೂ ಶಾಲೆಯ ಚೀಲ ಹೊರುತ್ತಿದ್ದ. ಅಕ್ಕನಿಗೆ ಆಗತಾನೇ ಮದುವೆಯಾಗಿತ್ತು. ಭಾವ ಬಂದು ನಾದಿನಿಗೆ, "ಮನೇಲಿ ಕೂತು ಅತ್ತು ಏನ್ ಮಾಡ್ತೀಯ, ಬಾ, ಗಾಡಿ ಕಲಿ. ಹೆಂಗಸರಿಗೆ ಹೆಂಗಸೇ ಕಲಿಸಿದ್ರೆ ನಾಲ್ಕು ಜನ ಜಾಸ್ತಿ ಬರ್ತಾರೆ" ಅಂದ. ಕಲಿಸಿದ. ಕೆಲಸ ಕೊಟ್ಟ. ಮನೆಯ ಒಲೆ ಆರದಂತೆ ನೋಡಿಕೊಂಡ. ಇದನ್ನು ಅಲ್ಲಗಳೆಯುವುದು ಬೇಡ, ಆಗಿದ್ದು ಆಗಿದ್ದೇ. ಅಮ್ಮನ ಬಾಯಲ್ಲಂತೂ ಅಳಿಯ ಅಂದರೆ ದೇವರಿಗಿಂತ ಒಂದು ಮೆಟ್ಟಿಲು ಮಾತ್ರ ಕೆಳಗೆ.

ಅವನು ಕಲಿಸುವ ರೀತಿ ಒಂದಿತ್ತು. ಗೇರಿನ ಗುಬುಟಿನ ಮೇಲೆ ಕಲಿಯುವವಳ ಕೈ, ಆ ಕೈ ಮೇಲೆ ಅವನ ಕೈ. ಗೇರು ಬಿದ್ದ ಮೇಲೂ ಆ ಕೈ ಅಲ್ಲೇ ಇರುತ್ತಿತ್ತು. ಹುಡುಗಿಯಾಗಿದ್ದ ಅವಳು ಎಳೆದುಕೊಂಡರೆ, "ಗೇರು ಕಚ್ಚಲ್ಲ ಕಣೇ" ಅಂತ ನಗುತ್ತಿದ್ದ. ಅವಳೂ ನಗುತ್ತಿದ್ದಳು. ನಗದೆ ಏನು ಮಾಡಬೇಕಿತ್ತು? ಕಲಿಸುವುದೇ ಹೀಗೆ ಅಂದುಕೊಂಡಳು. ವರ್ಷಗಳ ಮೇಲೆ ವರ್ಷ ಆ ಕೈ ತೋಳಿಗೆ ಬಂತು, ಹೆಗಲಿಗೆ ಬಂತು, ಅವಳು ಪ್ರತಿ ಸಲವೂ ಏನೋ ನೆಪ ಮಾಡಿಕೊಂಡು ಅತ್ತ ಸರಿದಳು. ಆ ಸರಿಯುವಿಕೆ ಅವನ ಕಣ್ಣಿಗೆ ಕಾಣಲಿಲ್ಲ ಅಂದರೆ ನಂಬುವವರು ನಂಬಲಿ. ದಾರಿಯಲ್ಲಿ ಅಡ್ಡ ಬರುವ ನಾಯಿಮರಿಯನ್ನೂ ದೂರದಿಂದಲೇ ಗುರುತಿಸುವ ಡ್ರೈವರ್ ಅವನು.

ಹೀಗಿರುವಾಗ ಅಕ್ಕನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ತಂಗಿ ಆಸ್ಪತ್ರೆಯಲ್ಲೇ ಅವಳ ಹತ್ತಿರ ಇದ್ದಳು. ಮಧ್ಯಾಹ್ನ ಅಕ್ಕ ಮಂಚದ ಮೇಲಿನಿಂದಲೇ, "ಅವರು ಬೆಳಗ್ಗೆಯಿಂದ ಏನೂ ತಿಂದಿರಲ್ಲ ಕಣೇ. ಈ ಡಬ್ಬಿ ಸ್ಕೂಲಿಗೆ ಕೊಟ್ಟು ಬಾ" ಅಂದಳು. ಅವಳು ಡಬ್ಬಿ ಹಿಡಿದು ಹೋದಳು.

ಬಿಸಿಲ ಹೊತ್ತು, ಕ್ಲಾಸಿಲ್ಲ. ಸ್ಕೂಲಿನ ಹಿಂದೆ ಒಂದು ರೂಮಿದೆ. ಅಲ್ಲಿ ರಸ್ತೆಯ ಚಿಹ್ನೆಗಳ ದೊಡ್ಡ ಚಾರ್ಟು, ಒಳಗೆ ಹೇಗಿದೆ ಅಂತ ತೋರಿಸಲು ಅರ್ಧ ಕೊಯ್ದು ಮೇಜಿನ ಮೇಲಿಟ್ಟ ಹಳೇ ಗೇರ್‌ಬಾಕ್ಸು, ಕಾಲು ಮುರಿದ ಬೆಂಚು. ಭಾವ ಅಲ್ಲಿದ್ದ. ಡಬ್ಬಿ ಇಟ್ಟಳು. "ಒಂದು ಟೀ ಮಾಡೇ" ಅಂದ. ಕೆಟಲ್ ಹಾಕಿ ಇಬ್ಬರಿಗೂ ಟೀ ಮಾಡಿದಳು. ತಿರುಗಿ ನೋಡುವಷ್ಟರಲ್ಲಿ ಬಾಗಿಲ ಚಿಲಕ ಬಿದ್ದಿತ್ತು.

"ಬೇಡ ಭಾವ" ಅಂದಳು. ಅವನು ಕೇಳಿಸದವನ ಹಾಗೆ ಹತ್ತಿರ ಬಂದ. ಮತ್ತೆ "ಬೇಡ" ಅಂದಳು. ಅಲ್ಲಿಗೆ ದನಿ ನಿಂತುಹೋಯಿತು. ಕೈ ತನ್ನದಲ್ಲ, ಕಾಲು ತನ್ನದಲ್ಲ. ಎದುರಿಗೆ ಚಾರ್ಟು. ಕೆಂಪು ವೃತ್ತದ ನಡುವೆ ಬಿಳಿ ಪಟ್ಟೆ: ಪ್ರವೇಶವಿಲ್ಲ. ಸಾವಿರಾರು ಜನಕ್ಕೆ ಅವಳೇ ಬೆರಳಿಟ್ಟು ಹೇಳಿಕೊಟ್ಟ ಚಿಹ್ನೆ. ಅದನ್ನೇ ನೋಡುತ್ತ ಇದ್ದಳು, ಅಷ್ಟೇ ನೆನಪು.

ಎಲ್ಲ ಆದ ಮೇಲೆ ಅವನು ಲೋಟ ಮುಟ್ಟಿ ನೋಡಿ, "ಟೀ ಆರಿಹೋಯ್ತಲ್ಲೇ" ಅಂದ.

ಇದನ್ನು ಎರಡು ಸಲ ಓದಿದರೂ ತಪ್ಪಿಲ್ಲ. ಟೀ ಆರಿಹೋಯಿತು ಅಂದ.

ಅವಳು ಆಸ್ಪತ್ರೆಗೆ ವಾಪಸ್ ಬಂದಳು. "ಊಟ ಮಾಡಿದ್ರಾ?" ಅಂತ ಅಕ್ಕ ಕೇಳಿದಳು. "ಮಾಡಿದ್ರು" ಅಂದಳು. ಅವತ್ತಿನಿಂದ ಎರಡು ದಿನ ಬಲಗಾಲಿನ ಮೀನಖಂಡ ಕಲ್ಲಿನ ಹಾಗೆ ಹಿಡಿದುಕೊಂಡಿತ್ತು. ಆಸ್ಪತ್ರೆಯ ಮೆಟ್ಟಿಲು ಹತ್ತಿ ಇಳಿದದ್ದಕ್ಕೆ ಇರಬೇಕು ಅಂದುಕೊಂಡು ಎಣ್ಣೆ ತಿಕ್ಕಿಕೊಂಡಳು.

ಮಾರನೆಯ ಬೆಳಗ್ಗೆ ಎಂದಿನ ಹಾಗೆ ಕೆಲಸಕ್ಕೂ ಹೋದಳು. ಹೌದು, ಹೋದಳು. ಆ ಹೊತ್ತಿಗೆ ಎಲ್ ಬೋರ್ಡಿನ ಕಾರಿನ ಪಕ್ಕ ಯಾರೋ ಕಾಯುತ್ತಿರುತ್ತಾರೆ ಅಂತ ಕಾಲು ತಾನಾಗಿಯೇ ಹೊರಟಿತು. ಕೀಲಿಕೈ ಕೊಡುವಾಗ ಭಾವ ಮುಖ ನೋಡಲಿಲ್ಲ, ಅವಳೂ ನೋಡಲಿಲ್ಲ. ಮುಂದೆ ಇದನ್ನೇ ದೊಡ್ಡ ಸಾಕ್ಷಿ ಮಾಡಿದರು. "ಅಂಥದ್ದೇನಾದ್ರೂ ಆಗಿದ್ರೆ ಮಾರನೇ ದಿನ ಕೆಲಸಕ್ಕೆ ಬರ್ತಿದ್ಲಾ?" ಬರದೆ ಎಲ್ಲಿಗೆ ಹೋಗಬೇಕಿತ್ತು ಸ್ವಾಮಿ? ಮನೆ ಸುಟ್ಟುಹೋದವರೂ ಮಾರನೆಯ ದಿನ ಹಲ್ಲುಜ್ಜುತ್ತಾರೆ. ಅದಕ್ಕೆ ಬೆಂಕಿಯೇ ಬಿದ್ದಿಲ್ಲ ಅನ್ನುತ್ತೀರಾ?

ಆಮೇಲಿನ ತಿಂಗಳುಗಳಲ್ಲಿ ಅವಳು ಅವನಿಗೆ ಒಂದು ಮಾತೂ ಆಡಲಿಲ್ಲ. ಎಲ್ಲ ಮಾತೂ ತನಗೇ ಆಡಿಕೊಂಡಳು. ಟೀ ಮಾಡಿದ್ದು ನಾನೇ. ಹಿಂದಿನ ರೂಮಿಗೆ ಹೋದದ್ದು ನಾನೇ. ಗೇರಿನ ಮೇಲಿನ ಕೈಗೆ ನಕ್ಕಿದ್ದು ನಾನೇ. ಕೂಗದೇ ಇದ್ದದ್ದು ನಾನೇ. ಸ್ನಾನಕ್ಕೆ ಹೋದರೆ ಬಕೆಟ್ಟಿನ ನೀರು ಮುಗಿದರೂ ಹೊರಗೆ ಬರುತ್ತಿರಲಿಲ್ಲ. ಪೊಲೀಸೂ ಅವಳೇ, ವಕೀಲನೂ ಅವಳೇ, ಜಡ್ಜೂ ಅವಳೇ, ಕಟಕಟೆಯಲ್ಲಿ ನಿಂತವಳೂ ಅವಳೇ. ಅಲ್ಲಿ ನಿಲ್ಲಬೇಕಾದವನು ಮಾತ್ರ ಫ್ಯಾನಿನ ಕೆಳಗೆ ಕೂತು ಹೊಸಬರನ್ನು ಸೇರಿಸಿಕೊಳ್ಳುತ್ತಿದ್ದ.

ಕಾರಿನಲ್ಲೂ ಅವಳ ಕಾಲು ಕೆಟ್ಟಿತು. ಫರ್ಲಾಂಗು ದೂರದಲ್ಲಿ ಸೈಕಲ್ ಕಂಡರೂ ಬ್ರೇಕು ಒತ್ತಿಬಿಡುವಳು. ಕಲಿಯುವವರು ಮುಗ್ಗರಿಸಿ ಸ್ಟಿಯರಿಂಗಿಗೆ ಮೂಗು ಕುಟ್ಟಿಕೊಳ್ಳುವರು. "ಅಕ್ಕಾ, ಖಾಲಿ ರಸ್ತೆಗೂ ಬ್ರೇಕಾ!" ಅಂತ ನಗುವರು. ಹೀಗೆ ಬಂತು ಬ್ರೇಕಕ್ಕ ಅನ್ನುವ ಹೆಸರು. ಇಟ್ಟವರಿಗೆ ಏನೂ ಗೊತ್ತಿರಲಿಲ್ಲ, ಪಾಪ. ಅವಳೂ ಅವರ ಜೊತೆ ನಕ್ಕಳು. ಆದರೆ ಒಳಗೊಳಗೇ ಒಂದು ಹೆದರಿಕೆ ಹುಟ್ಟಿತು. ಈ ಕಾಲು ಹೀಗೇ ಆದರೆ ಈ ಕೆಲಸವೂ ಹೋಗುತ್ತದೆ. ಗಾಡಿ ಬಿಟ್ಟು ಅವಳಿಗೆ ಬೇರೇನೂ ಬಾರದು. ಅವನು ಅದೊಂದನ್ನು ಕಿತ್ತುಕೊಂಡದ್ದು ಸಾಲದು ಅಂತ ಇದನ್ನೂ ಕಿತ್ತುಕೊಳ್ಳುತ್ತಾನಾ?

ಆ ಹೊತ್ತಿಗೆ ಗಾಡಿ ಕಲಿಯಲು ಬೇಕರಿಯಮ್ಮ ಸೇರಿಕೊಂಡಳು. ಐವತ್ತು ದಾಟಿದ ದಪ್ಪ ಹೆಂಗಸು. ಗಂಡನ ಮಂಡಿ ಹೋಗಿತ್ತು, ಬ್ರೆಡ್ಡು ಹಂಚುವ ವ್ಯಾನು ಓಡಿಸುವವರು ಇರಲಿಲ್ಲ. "ನಮ್ಮೆಜಮಾನ್ರು ಮೂವತ್ತು ವರ್ಷ ಓಡಿಸಿದ್ರು, ಒಂದ್ಸಲ ಕೂಡ ನನ್ನ ಮುಂದಿನ ಸೀಟಲ್ಲಿ ಕೂರಿಸಲಿಲ್ಲ, ಬನ್ನಿನ ಟ್ರೇ ಇಡ್ತಿದ್ರು. ಈಗ ಅವರನ್ನ ಹಿಂದೆ ಟ್ರೇ ಜೊತೆ ಕೂರಿಸ್ತೀನಿ ನೋಡು" ಅನ್ನುವಳು. ಮೈಯೆಲ್ಲ ಯೀಸ್ಟಿನ ವಾಸನೆ. ಕ್ಲಚ್ಚು ಬಿಡುವಾಗ ಉಸಿರೂ ಬಿಡುವಳು, ಗಾಡಿ ಆಫ್ ಆಗುವುದು.

ನೀರಿನ ಟ್ಯಾಂಕಿನ ಹತ್ತಿರ ಒಂದು ಏರು ಇದೆ. ಅಲ್ಲಿ ಒಂದು ದಿನ ಇವರು ಹತ್ತುತ್ತಿದ್ದರೆ, ಎದುರಿಂದ ಮರಳಿನ ಲಾರಿ ತನ್ನ ದಾರಿ ಬಿಟ್ಟು ಇವರ ಪಕ್ಕಕ್ಕೇ ನುಗ್ಗಿ ಬಂತು. ಬೇಕರಿಯಮ್ಮ ಕಣ್ಣು ಬಿಟ್ಟುಕೊಂಡು ಕೂತಳು. ಕೈ ಅಲ್ಲಾಡಲಿಲ್ಲ, ಕಾಲು ಏಳಲಿಲ್ಲ, ಬಾಯಿ ತೆರೆದಿತ್ತು, ದನಿ ಇಲ್ಲ. ಬ್ರೇಕಕ್ಕ ತನ್ನ ಬ್ರೇಕು ಒತ್ತಿ, ಸ್ಟಿಯರಿಂಗು ಎಳೆದು, ಗಾಡಿಯನ್ನು ಚರಂಡಿಯ ಅಂಚಿಗೆ ತಂದು ನಿಲ್ಲಿಸಿದಳು. ಲಾರಿಯವನು ಕೈ ಬೀಸಿ ಏನೋ ಬೈದು ಹೋದ. ತಪ್ಪು ಅವನದು, ಬೈಗುಳವೂ ಅವನದೇ!

ಬೇಕರಿಯಮ್ಮ ಅಳಲು ಶುರು ಮಾಡಿದಳು. "ನಂದೇ ತಪ್ಪು. ಕಾಲು ಏಳಲೇ ಇಲ್ಲ ಕಣೇ. ಬ್ರೇಕು ಎಲ್ಲಿದೆ ಅಂತ ಗೊತ್ತು, ಒತ್ತಬೇಕು ಅಂತಾನೂ ಗೊತ್ತು, ಏಳಲೇ ಇಲ್ಲ. ಕೂಗೋಕೂ ಆಗಲಿಲ್ಲ."

"ತಪ್ಪು ಯಾಕಾಗುತ್ತೆ?" ಅಂದಳು ಬ್ರೇಕಕ್ಕ. ಇದು ಅವಳು ಎಲ್ಲರಿಗೂ ಹೇಳಿ ಹೇಳಿ ಸವೆದ ಮಾತು, ಬಾಯಿಗೆ ತಾನಾಗಿಯೇ ಬರುತ್ತದೆ. "ಹೆದರಿದಾಗ ಮೈ ಮರಗಟ್ಟುತ್ತೆ, ಎಲ್ಲರಿಗೂ ಆಗುತ್ತೆ. ತಪ್ಪು ದಾರಿಗೆ ಬಂದವನು ಅವನು. ನಿಮ್ಮ ಕಾಲು ಏಳಲಿಲ್ಲ ಅಂದ ಮಾತ್ರಕ್ಕೆ ಮೈ ಮೇಲೆ ಹತ್ತಿಸು ಅಂತ ಅವನಿಗೆ ಒಪ್ಪಿಗೆ..."

ಅಲ್ಲಿಗೆ ಮಾತು ನಿಂತಿತು. ಆಡಿದ ಬಾಯಿಯನ್ನು ತಾನೇ ಕೈಯಿಂದ ಮುಚ್ಚಿಕೊಂಡಳು.

ಬೇಕರಿಯಮ್ಮ ಅಳು ನಿಲ್ಲಿಸಿ ನೋಡಿದಳು. "ಏನಾಯ್ತೇ?"

ಇಂಜಿನ್ನು ಆರಿಸಿದ ಕಾರಿನಲ್ಲಿ, ಚರಂಡಿಯ ಪಕ್ಕದಲ್ಲಿ, ಬ್ರೇಕಕ್ಕ ಮೊದಲ ಸಲ ಹೇಳಿದಳು. ಮುಂದಿನ ಗಾಜು ನೋಡಿಕೊಂಡೇ ಹೇಳಿದಳು. ಡಬ್ಬಿ, ಟೀ, ಚಿಲಕ. ಎರಡು ಸಲ ಬೇಡ ಅಂದದ್ದು. ಕೂಗದೇ ಇದ್ದದ್ದು. ಬೇಕರಿಯಮ್ಮ ಅಯ್ಯೋ ಅನ್ನಲಿಲ್ಲ, ಛೇ ಅನ್ನಲಿಲ್ಲ, ಯಾಕೆ ಅಂತ ಕೇಳಲಿಲ್ಲ. ಕೊನೆಗೆ ಕೈ ಚಾಚಿ, ಮುಟ್ಟುವ ಮೊದಲು ಕೇಳಿದಳು, "ಕೈ ಹಿಡ್ಕೊಳ್ಳಲಾ?"

"ಬೇಡ" ಅಂದಳು ಬ್ರೇಕಕ್ಕ.

ಚಾಚಿದ ಕೈ ಅಲ್ಲೇ ನಿಂತಿತು. ಹಾಗೇ ಹಿಂದಕ್ಕೆ ಹೋಗಿ ಬೇಕರಿಯಮ್ಮನ ಮಡಿಲಲ್ಲಿ ಕೂತಿತು. ಮುಖ ಸಪ್ಪಗೆ ಮಾಡಿಕೊಳ್ಳಲಿಲ್ಲ. "ಆಯ್ತು" ಅಂದಳು, ಅಷ್ಟೇ.

ಬ್ರೇಕಕ್ಕ ಆ ಕೈಯನ್ನೇ ನೋಡಿದಳು. ಬೇಡ ಅಂದ ಕೂಡಲೇ ನಿಂತ ಕೈ. ತನ್ನ ಬಾಯಿಂದ ಬಂದ ಅದೇ ಮಾತು, ಅಷ್ಟೇ ಸಣ್ಣ ದನಿ. ಇಲ್ಲಿ ಕೇಳಿಸಿತು, ಅಲ್ಲಿ ಕೇಳಿಸಲಿಲ್ಲ. ಹಾಗಾದರೆ ಕೆಟ್ಟದ್ದು ತನ್ನ ದನಿಯಲ್ಲ. ಆಗ ಬಂತು ನೋಡಿ ಸಿಟ್ಟು. ತಿಂಗಳುಗಟ್ಟಲೆ ಒಳಮುಖವಾಗಿ ಉರಿಯುತ್ತಿದ್ದದ್ದು ಮೊದಲ ಸಲ ಹೊರಕ್ಕೆ ತಿರುಗಿತು. ಡ್ಯಾಶ್‌ಬೋರ್ಡಿಗೆ ಗುದ್ದಿದಳು. ಒಂದಲ್ಲ, ಕೈ ಸೋಲುವವರೆಗೂ ಗುದ್ದಿದಳು. ಬೇಕರಿಯಮ್ಮ, "ಗುದ್ದು ಗುದ್ದು, ಹೇಗೂ ಅವನ ಗಾಡಿನೇ ತಾನೇ" ಅಂದಳು. ಅತ್ತುಕೊಂಡೇ ಇಬ್ಬರೂ ನಕ್ಕರು. ಆಮೇಲೆ ಬ್ರೇಕಕ್ಕ, "ಈಗ ಹಿಡ್ಕೊಳ್ಳಿ" ಅಂದಳು.

ಅವತ್ತು ಸಂಜೆ ಅಮ್ಮನಿಗೆ ಹೇಳಿದಳು. ಅಮ್ಮ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದಳು. ಹೇಳುವುದು ಮುಗಿಯುವವರೆಗೂ ಬಿಡಿಸುತ್ತಲೇ ಇದ್ದಳು. ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿ, "ಅಕ್ಕನ ಕಿವಿಗೆ ಬೀಳಬಾರದು" ಅಂದಳು.

"ಅಮ್ಮಾ, ನಾನು ಹೇಳಿದ್ದು ಕೇಳಿಸ್ತಾ?"

"ಕೇಳಿಸ್ತು. ಏನ್ ಮಾಡೋಕಾಗುತ್ತೆ ಈಗ? ಅವಳ ಸಂಸಾರ ಹಾಳಾಗಬೇಕಾ? ಅಪ್ಪ ಹೋದಾಗ ನಮ್ಮನ್ನ ನೋಡ್ಕೊಂಡವನು ಅವನು. ಅವನ ಋಣ ಇದೆ ನಮ್ಮ ಮೇಲೆ."

"ಇಷ್ಟು ವರ್ಷ ಬೆಳಗ್ಗೆಯಿಂದ ಸಂಜೆತನಕ ಅವನ ಗಾಡೀಲಿ ಕೂತು ಸೊಂಟ ಮುರ್ಕೊಂಡಿದೀನಲ್ಲ, ಅದು ಯಾವ ಋಣಕ್ಕೆ ಹೋಯ್ತು? ಇನ್ನೂ ಬಾಕಿ ಇದ್ರೆ ನನ್ನ ಮೈಯಲ್ಲಿ ಹಿಡ್ಕೊಂಡ್ನಾ?"

ಅಮ್ಮ ಎದ್ದು ಗ್ಯಾಸು ಆರಿಸಲು ಹೋದಳು. ಗ್ಯಾಸು ಹೊತ್ತಿಸಿಯೇ ಇರಲಿಲ್ಲ.

ಬಾಗಿಲ ಹಿಂದೆ ತಮ್ಮ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಧಡಧಡ ಮೆಟ್ಟಿಲಿಳಿದು, ಅಂಗಡಿಯಿಂದ ಲಾರಿಯ ಚಕ್ರ ಬಿಚ್ಚುವ ಉದ್ದನೆಯ ಸ್ಪ್ಯಾನರ್ ಎತ್ತಿಕೊಂಡು ಬೈಕು ಹತ್ತಿದ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವನು ಅವನು. ಬ್ರೇಕಕ್ಕ ಬರಿಗಾಲಿನಲ್ಲಿ ಓಡಿ ಬಂದು ಬೈಕಿನ ಮುಂದೆ ನಿಂತಳು.

"ಬಿಡೇ ಅಕ್ಕ! ಅವನ ಕೈ ಮುರಿದು ಬರ್ತೀನಿ!"

"ಯಾರನ್ನ ಕೇಳಿ ಹೊರಟೆ?"

"ಕೇಳೋದೇನಿದೆ ಇದರಲ್ಲಿ? ನನ್ನ ಅಕ್ಕ ನೀನು!"

"ಅವನೂ ನನ್ನ ಕೇಳಲಿಲ್ಲ. ನೀನೂ ಕೇಳ್ತಿಲ್ಲ. ನಾಳೆ ನೀನು ಜೈಲಲ್ಲಿ ಕೂರ್ತೀಯ, ಅವನು ಆಸ್ಪತ್ರೆಲಿ ಹಣ್ಣು ತಿಂತಾನೆ. ಊರೆಲ್ಲ ಪಾಪ ಅನ್ನೋದು ಅವನಿಗೆ. ನನ್ನ ಮಾತು ಎಲ್ಲಿಗೆ ಹೋಯ್ತು ಆಗ? ನಾನು ಇನ್ನೂ ಬಾಯಿ ಬಿಟ್ಟಿಲ್ಲ ಕಣೋ. ಬಿಡೋಕೆ ಅವಕಾಶ ಕೊಡು."

ಕೆನ್ನೆಗೆ ಹೊಡೆದಿದ್ದರೂ ಅವನಿಗೆ ಅಷ್ಟು ನಾಟುತ್ತಿರಲಿಲ್ಲ. ಸ್ಪ್ಯಾನರ್ ಕೆಳಗೆ ಬಿತ್ತು. ತಲೆ ತಗ್ಗಿಸಿಕೊಂಡು ಕೂತವನು, ಕೇಳಬಾರದ್ದನ್ನೇ ಕೇಳಿದ. "ಯಾಕಕ್ಕ ಕೂಗಲಿಲ್ಲ?"

"ನಾನೂ ಅದನ್ನೇ ಕೇಳ್ಕೊಂಡು ಕೇಳ್ಕೊಂಡು ಸತ್ತೆ. ಇನ್ನು ಕೇಳಲ್ಲ. ನೀನೂ ಕೇಳಬೇಡ. ನಾನು ಯಾಕೆ ಕೂಗಲಿಲ್ಲ ಅಂತಲ್ಲ. ಅವನು ಯಾಕೆ ನಿಲ್ಲಲಿಲ್ಲ? ಕೇಳೋದಿದ್ರೆ ಅದನ್ನ ಕೇಳು."

ತಮ್ಮ ಕೆಳಗೆ ಬಿದ್ದಿದ್ದ ಸ್ಪ್ಯಾನರ್ ಎತ್ತಿ ಅಂಗಡಿಯೊಳಗೆ ಇಟ್ಟು ಬಂದ. ಕೊನೆಗೆ, "ಈಗ ನಾನೇನು ಮಾಡಲಿ, ನೀನೇ ಹೇಳು" ಅಂದ. ಅವಳು ಹೇಳಿದಳು. "ನಾಳೆ ಸ್ಟೇಷನ್ನಿಗೆ ಹೋಗ್ತೀನಿ. ಜೊತೆಗೆ ಬಾ. ಹೊರಗೆ ಕೂತಿರು. ಬಾಯಿ ಮುಚ್ಕೊಂಡಿರು."

ಬಾಯಿ ಮುಚ್ಚಿಕೊಂಡಿರುವುದು ಅವನಿಗೆ ಸ್ಪ್ಯಾನರ್ ಬೀಸುವುದಕ್ಕಿಂತ ಕಷ್ಟ. ಆದರೂ ಸ್ಟೇಷನ್ನಿನ ಹೊರಗಿನ ಬೆಂಚಿನಲ್ಲಿ ಉಗುರು ಕಚ್ಚಿಕೊಂಡು ಕೂತಿದ್ದ. ಒಳಗೆ ಬೇಕರಿಯಮ್ಮ ಇದ್ದಳು, ಬನ್ನಿನ ಪೊಟ್ಟಣದ ಸಮೇತ. ಹೇಳಿಕೆ ಬರೆದುಕೊಂಡ ಪೊಲೀಸಮ್ಮ ಒಳ್ಳೆಯವಳು, ಆದರೆ ಅವಳೂ ಒಂದು ಕಡೆ ಪೆನ್ನು ನಿಲ್ಲಿಸಿ, "ಇಷ್ಟು ತಡ ಯಾಕೆ?" ಅಂದಳು. "ನನ್ನ ಜೊತೆ ನಾನೇ ಜಗಳ ಆಡ್ತಿದ್ದೆ, ಈಗ ಮುಗೀತು" ಅಂದಳು ಬ್ರೇಕಕ್ಕ.

ಆಮೇಲೆ ಬೀದಿ ಬಾಯಿ ತೆರೆಯಿತು. ಭಾವ, "ಇಬ್ಬರೂ ದೊಡ್ಡವರು, ಇಬ್ಬರಿಗೂ ಒಪ್ಪಿಗೆ ಇತ್ತು" ಅಂದ. ಮೊದಲು ಏನೂ ಆಗಿಯೇ ಇಲ್ಲ ಅಂದಿದ್ದವನು, ವಕೀಲರನ್ನು ಕಂಡು ಬಂದ ಮೇಲೆ ಒಪ್ಪಿಗೆ ಇತ್ತು ಅಂದ. ಫೋಟೊ ಸ್ಟುಡಿಯೋದವನು ತನ್ನ ಕಿವಿಯ ಪುರಾಣ ತೆಗೆದ. ಇವರಲ್ಲಿ ಒಬ್ಬನೂ ಒಂದು ಸರಳ ಪ್ರಶ್ನೆ ಕೇಳಲಿಲ್ಲ. ಒಪ್ಪಿಗೆ ಇದ್ದರೆ ಚಿಲಕ ಯಾಕಪ್ಪ ಹಾಕಿದೆ? ಎರಡು ಸಲ ಬೇಡ ಅಂದದ್ದನ್ನು ಯಾವ ಭಾಷೆಯಲ್ಲಿ ಬೇಕು ಅಂತ ಓದಿಕೊಂಡೆ? ಅವಳು ಸುಮ್ಮನಾದಳು ಅಂತೀಯಲ್ಲ, ಸುಮ್ಮನಾದವಳ ಮುಖ ಒಂದು ಸಲ ನೋಡಿದೆಯಾ?

ಎಲ್ಲಕ್ಕಿಂತ ನೋವಾದದ್ದು ಅಕ್ಕನ ಹೇಳಿಕೆ. "ನನ್ನ ತಂಗಿ ಅವರ ಜೊತೆ ಯಾವಾಗಲೂ ನಗ್ತಾ ಇರ್ತಿದ್ಲು" ಅಂತ ಅಕ್ಕ ಪೊಲೀಸರಿಗೆ ಹೇಳಿದಳು. ನಗುತ್ತಿದ್ದದ್ದು ನಿಜ. ಮನೆಯ ಅಳಿಯ, ಕೆಲಸ ಕೊಟ್ಟವನು, ಅಕ್ಕನ ಗಂಡ. ನಗದೇ ಇದ್ದಿದ್ದರೆ ಇದೇ ಅಕ್ಕ, "ನಮ್ಮೋರ ಹತ್ರ ಯಾಕೆ ಮುಖ ಊದಿಸ್ಕೊಂಡಿರ್ತೀಯ" ಅನ್ನುತ್ತಿದ್ದಳು.

ದೊಡ್ಡಾಸ್ಪತ್ರೆಯಲ್ಲಿ ಇಂಥ ಪೆಟ್ಟು ತಿಂದ ಹೆಂಗಸರ ಜೊತೆ ಮಾತಾಡುವ ಡಾಕ್ಟರಮ್ಮ ಒಬ್ಬರಿದ್ದಾರೆ. ಪೊಲೀಸಮ್ಮನೇ ಕಳಿಸಿಕೊಟ್ಟಳು. ಮೊದಲ ಕೆಲವು ಸಲ ಬ್ರೇಕಕ್ಕ ಅಲ್ಲಿ ಹೋಗಿ ಕಿಟಕಿಯ ಸರಳು ನೋಡಿಕೊಂಡು ಬಂದಳು. ಒಂದು ದಿನ ಡಾಕ್ಟರಮ್ಮ, "ಆವಾಗ ನಿಮ್ಮ ಮೈ ಏನು ಮಾಡ್ತಿತ್ತು, ನೆನಪಿದ್ರೆ ಹೇಳಿ. ಬೇಡ ಅನಿಸಿದ್ರೆ ಬೇಡ" ಅಂದರು. ಏನೂ ಮಾಡುತ್ತಿರಲಿಲ್ಲ ಅಂತ ಹೇಳಲು ಹೊರಟವಳಿಗೆ, ಬಲಗಾಲು ಮೇಜಿನ ಕೆಳಗೆ ನೆಲ ಒತ್ತುತ್ತಿರುವುದು ಗೊತ್ತಾಯಿತು. ಒತ್ತುತ್ತಿದೆ, ಬಿಡುತ್ತಿದೆ, ಮತ್ತೆ ಒತ್ತುತ್ತಿದೆ.

ನೆನಪಾಯಿತು. ಆ ರೂಮಿನ ನೆಲದ ಮೇಲೆ ಅವಳ ಕಾಲು ಇಲ್ಲದ ಬ್ರೇಕನ್ನು ಹುಡುಕಿ ಹುಡುಕಿ ಒತ್ತಿತ್ತು. ಜೀವ ಹೋಗುವ ಹಾಗೆ ಒತ್ತಿತ್ತು. ಎರಡು ದಿನ ಮೀನಖಂಡ ಹಿಡಿದದ್ದು ಆಸ್ಪತ್ರೆಯ ಮೆಟ್ಟಿಲಿಗಲ್ಲ.

"ನಾನು ಒತ್ತಿದ್ದೆ ಡಾಕ್ಟ್ರೇ! ಸುಮ್ಮನೆ ಇರಲಿಲ್ಲ ನಾನು!" ಅಂತ ಅತ್ತಳು.

ಡಾಕ್ಟರಮ್ಮ ಅಳು ಮುಗಿಯುವವರೆಗೆ ಕಾದು, ಮೆಲ್ಲಗೆ ಹೇಳಿದರು. "ಒತ್ತಿದ್ರಿ, ನಿಜ. ಒತ್ತದೇ ಇದ್ದಿದ್ರೂ ತಪ್ಪು ನಿಮ್ಮದಾಗ್ತಿರಲಿಲ್ಲ. ಅದನ್ನೂ ಜೊತೆಗೆ ತೊಗೊಂಡು ಹೋಗಿ."

ಒತ್ತಿದ್ರಿ ಅನ್ನುವ ಮೊದಲನೆಯ ಮಾತು ಅವತ್ತೇ ಅವಳ ಜೊತೆ ಮನೆಗೆ ಬಂತು. ಎರಡನೆಯದು ಬರಲು ಬಹಳ ದಿನ ಹಿಡಿಯಿತು. ಬಂದರೂ ಒಮ್ಮೊಮ್ಮೆ ಎದ್ದು ಹೋಗುತ್ತದೆ, ಮತ್ತೆ ಕರೆದುಕೊಂಡು ಬರಬೇಕು. ಟೀ ಇನ್ನೂ ಕುಡಿಯಲು ಆಗುವುದಿಲ್ಲ. ಕೆಟಲ್ಲಿನ ಸದ್ದು ಕೇಳಿದರೆ ಅಂಗೈ ಒದ್ದೆಯಾಗುತ್ತದೆ. ಯಾವುದೋ ಒಂದು ಬೆಳಗ್ಗೆ ಕಾರಣವಿಲ್ಲದೆ ಹಾಸಿಗೆಯಿಂದ ಏಳಲಾಗುವುದಿಲ್ಲ. ಆಗಿದ್ದೆಲ್ಲ ಒಳ್ಳೆಯದಕ್ಕೆ ಅಂತ ಸಮಾಧಾನ ಹೇಳಲು ಬಂದ ಹೆಂಗಸೊಬ್ಬಳನ್ನು ಬೇಕರಿಯಮ್ಮ ಬಾಗಿಲಿನಿಂದಲೇ ಹೊರಗೆ ಅಟ್ಟಿದಳು. ಒಳ್ಳೆಯದಂತೆ, ಒಳ್ಳೆಯದು!

ಭಾವನ ಸ್ಕೂಲಿಗೆ ಅವಳು ಮತ್ತೆ ಕಾಲಿಡಲಿಲ್ಲ. ತಮ್ಮ ಎಲ್ಲಿಂದಲೋ ಒಂದು ಹಳೇ ಕಾರು ತಂದ. ಗುಜರಿಯಿಂದ ಹುಡುಕಿ ತಂದ ಎರಡನೇ ಪೆಡಲ್ಲುಗಳನ್ನು ತಾನೇ ಮಲಗಿಕೊಂಡು ಜೋಡಿಸಿದ. ಒಂದೊಂದು ಬೋಲ್ಟಿಗೂ ತಲೆ ಎತ್ತಿ ಕೇಳುತ್ತಿದ್ದ. "ಇಲ್ಲಿ ಇಡ್ಲಾ ಅಕ್ಕ? ಇನ್ನೂ ಹತ್ತಿರ ಬೇಕಾ?" ಯಾರನ್ನೂ ಯಾವುದನ್ನೂ ಕೇಳದೆ ಬದುಕಿದ ಆಸಾಮಿ, ಕೇಳುವುದನ್ನು ಬೋಲ್ಟಿನಿಂದ ಶುರು ಮಾಡಿದ. "ಇನ್ನೂ ಹತ್ತಿರ ಇಡೋ, ನನ್ನ ಕಾಲು ಚಿಕ್ಕದು" ಅನ್ನುವಳು. ಕಾರಿನ ಬಾಗಿಲ ಮೇಲೆ ಹಳದಿ ಬಣ್ಣದಲ್ಲಿ ಬರೆಸಿದಳು: ಬ್ರೇಕಕ್ಕ ಡ್ರೈವಿಂಗ್ ಕ್ಲಾಸ್. "ಅಷ್ಟು ಕೆಟ್ಟ ದಿನದಲ್ಲಿ ಬಂದ ಹೆಸರು, ಯಾಕಕ್ಕ?" ಅಂದ ತಮ್ಮ. "ಬ್ರೇಕು ಹಾಕೋದು ಕೆಟ್ಟದ್ದಾ?" ಅಂದಳು.

ಆ ಕಾರಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಗೇರಿನ ಮೇಲೆ ಕೈ ಮೇಲೆ ಕೈ ಇಡುವ ಹಾಗಿಲ್ಲ. ತೋರಿಸಬೇಕಾದರೆ "ಮುಟ್ಟಲಾ?" ಅಂತ ಮೊದಲು ಕೇಳುತ್ತಾಳೆ. ಮೊನ್ನೆ ಒಪ್ಪಿದವರನ್ನು ಇವತ್ತೂ ಕೇಳುತ್ತಾಳೆ. ಇನ್ನೊಂದು, ಒಳಗೆ ಕೂತವರಲ್ಲಿ ಯಾರಾದರೂ ಬೇಡ ಅಂದರೆ ಗಾಡಿ ಅಲ್ಲೇ ನಿಲ್ಲಬೇಕು. "ಮೊದಲು ನಿಲ್ಲಿಸಿ. ಯಾಕೆ ಅಂತ ನಿಂತ ಮೇಲೆ ಕೇಳಿ. ಓಡಿಸ್ಕೊಂಡೇ ಯಾಕೆ ಯಾಕೆ ಅಂತ ಕೇಳೋದು ಕೇಳೋದಲ್ಲ, ಅದು ಓಡಿಸೋದೇ." ಕಲಿಯಲು ಬರುವ ಹುಡುಗಿಯರು ಇದನ್ನು ಕಾರಿನ ಪಾಠ ಅಂತ ಕೇಳಿಕೊಂಡು ಹೋಗುತ್ತಾರೆ. ಕೆಲವರು ಮಾತ್ರ ಇಳಿಯುವಾಗ ಒಂದು ಕ್ಷಣ ಬಾಗಿಲು ಹಿಡಿದುಕೊಂಡು ನಿಲ್ಲುತ್ತಾರೆ. ಅವಳು ಅವಸರ ಮಾಡುವುದಿಲ್ಲ.

ಕಾಲು ಈಗ ಸರಿಯಾಗಿದೆ. ಸೈಕಲ್ಲಿಗೆ ಸೈಕಲ್ಲಿನಷ್ಟು, ಲಾರಿಗೆ ಲಾರಿಯಷ್ಟು. ಬೇಕರಿಯಮ್ಮ ವ್ಯಾನು ಓಡಿಸುತ್ತಾಳೆ, ಅವಳು ಹೇಳಿದ ಹಾಗೆಯೇ ಗಂಡ ಹಿಂದೆ ಟ್ರೇ ಹಿಡಿದುಕೊಂಡು ಕೂರುತ್ತಾನೆ. ಕೇಸು ಇನ್ನೂ ನಡೆಯುತ್ತಿದೆ. ಭಾವನ ಸ್ಕೂಲೂ ನಡೆಯುತ್ತಿದೆ, ಅದನ್ನು ಬರೆಯುವಾಗ ಪೆನ್ನು ಕಾಗದ ಹರಿಯುತ್ತದೆ.

ಒಂದು ಮಧ್ಯಾಹ್ನ ಅಕ್ಕ ಬಂದಳು. ಬೇಕರಿಯ ಮುಂದೆ ನಿಂತಿದ್ದ ಕಾರಿನ ಬಾಗಿಲು ತೆಗೆದು, ಕಲಿಯುವವರು ಕೂರುವ ಸೀಟಿನಲ್ಲಿ ಕೂತಳು. ಮುಖ ಬತ್ತಿತ್ತು. ಸ್ಟಿಯರಿಂಗು ಹಿಡಿದುಕೊಂಡು ಎದುರಿನ ಗಾಜು ನೋಡುತ್ತ ಹೇಳಿದಳು.

"ಅವತ್ತು ಡಬ್ಬಿ ಕೊಟ್ಟು ಬಾ ಅಂತ ಕಳಿಸಿದ್ದು ನಾನೇ ಅಲ್ವೇನೇ?"

ಬ್ರೇಕಕ್ಕನಿಗೆ ಆಗ ಹೊಳೆಯಿತು. ಅಕ್ಕನಿಗೆ ಗೊತ್ತಿದೆ. ಅಕ್ಕ ನಂಬಿದ್ದಾಳೆ. ನಂಬದೇ ಇದ್ದರೆ ಡಬ್ಬಿ ಯಾಕೆ ಅಕ್ಕನನ್ನು ಸುಡಬೇಕು?

"ದಿನಾ ಅದೇ ನೆನಪಾಗುತ್ತೆ" ಅಂದಳು ಅಕ್ಕ. "ನಾನು ಕಳಿಸದೇ ಇದ್ದಿದ್ರೆ..."

ಬೈಯುವುದಕ್ಕೆ ಎಷ್ಟೊಂದಿತ್ತು. ನಗ್ತಾ ಇರ್ತಿದ್ಲು ಅಂತ ಹೇಳಿದೆಯಲ್ಲ, ಅದು ನೆನಪಾಗಲ್ವಾ ಅಂತ ಕೇಳಬಹುದಿತ್ತು. ಆದರೆ ಆ ಮಾತಿನ ರುಚಿ ಅವಳಿಗೆ ಗೊತ್ತು. ನಾನೇ, ನಾನೇ, ನಾನೇ ಅಂತ ಸ್ನಾನದ ಮನೆಯಲ್ಲಿ ತಾನು ಜಗಿದದ್ದೇ ಅದು. ಶತ್ರುವಿಗೂ ಬೇಡ.

"ನಿನ್ನ ತಪ್ಪಲ್ಲ ಅಕ್ಕ" ಅಂದಳು. "ಗಂಡನಿಗೆ ಊಟ ಕಳಿಸಿದೆ, ಅಷ್ಟೇ. ಮಾಡಿದವನು ಅವನು. ನಿನ್ನ ತಪ್ಪಲ್ಲ."

ಅಕ್ಕ ಸ್ಟಿಯರಿಂಗಿಗೆ ಹಣೆ ಇಟ್ಟು ಅತ್ತಳು. ಎಷ್ಟು ಹೊತ್ತು ಅಳಬೇಕೋ ಅಷ್ಟು ಅತ್ತಳು. ತಂಗಿ ಕಾದಳು. ಈಗ ಹೇಳುತ್ತಾಳೆ, ಅವಳ ಬಾಯಿಂದಲೂ ಅದೇ ಮಾತು ಬರುತ್ತದೆ, ನನಗೂ ಹೇಳುತ್ತಾಳೆ. ಕಾದಳು.

ಅಕ್ಕ ತಲೆ ಎತ್ತಿ, ಕಾರಿನ ಕನ್ನಡಿಯಲ್ಲಿ ಮುಖ ನೋಡಿ, ಕಣ್ಣು ಒರೆಸಿ, ಕೂದಲು ಸರಿಮಾಡಿಕೊಂಡಳು. "ಅವರು ಊಟಕ್ಕೆ ಬರೋ ಹೊತ್ತಾಯ್ತು ಕಣೇ" ಅಂದಳು. ಬಾಗಿಲು ತೆಗೆದು ಇಳಿದಳು. ಪೊಲೀಸರಿಗೆ ಕೊಟ್ಟ ಹೇಳಿಕೆ ಬದಲಾಯಿಸುವ ಮಾತಿಲ್ಲ, ಹಿಂತಿರುಗಿ ನೋಡಲೂ ಇಲ್ಲ. ಹಗುರವಾದ ಹೆಜ್ಜೆಯಲ್ಲಿ ಹೋದಳು, ಹೊತ್ತು ತಂದದ್ದನ್ನು ತಂಗಿಯ ಕಾರಿನಲ್ಲಿ ಇಳಿಸಿ.

"ನಿನ್ನ ತಪ್ಪಲ್ಲ." ತಂಗಿ ಕೊಟ್ಟಳು, ಅಕ್ಕ ತೆಗೆದುಕೊಂಡಳು. ತಿರುಗಿ ಕೊಡಬೇಕಾದ ಅಷ್ಟೇ ಮಾತು ಅಕ್ಕನ ಹತ್ತಿರವೇ ಉಳಿದಿದೆ. ಭಾವನ ಋಣ, ಭಾವನ ಋಣ ಅಂತ ಇವತ್ತಿಗೂ ಬಡಬಡಿಸುವ ಮನೆಯಲ್ಲಿ ಆ ಬಾಕಿಯ ಸುದ್ದಿ ಒಬ್ಬರೂ ಎತ್ತುವುದಿಲ್ಲ.